ಒಂದೇ ಗುಂಡಿಗೆ ಎರಡು ತಡೆ ಇಟ್ಟವರಿಗೆ

ಹನಿಗಿಂತ ಸಣ್ಣ ಹನಿಯನ್ನು ಅಳೆಯುವ ಕೈಪಿಪೆಟ್ಟಿನ ವಿನ್ಯಾಸಕಾರರ ಸನ್ನಿಧಿಗೆ,

ಮಾನ್ಯರೇ,

ಶ್ರೀಮಂಗಲದಿಂದ ಜಯಪ್ರಕಾಶನ ಅನಂತ ನಮಸ್ಕಾರಗಳು. ತಾವು ಯಾವ ದೇಶದವರೋ ನನಗೆ ತಿಳಿಯದು. ಪಿಪೆಟ್ಟಿನ ಮೈಮೇಲೆ ಅಂಕಿಗಳಿವೆಯೇ ಹೊರತು ಅದನ್ನು ರೂಪಿಸಿದವರ ಹೆಸರಿಲ್ಲ. ಹಾಗಾಗಿ ಈ ಪತ್ರವನ್ನು ನಮ್ಮ ಜೇನು ಸಂಘದ ಸೂಚನಾ ಫಲಕಕ್ಕೆ ಅಂಟಿಸುವವನಿದ್ದೇನೆ. ಬಸ್ಸಿನ ವೇಳೆ, ಬೀದಿದೀಪ, ಗ್ರಂಥಾಲಯದ ಮುರಿದ ಕಿಟಕಿ ಇತ್ಯಾದಿ ಕುರಿತು ನಾನು ಈವರೆಗೆ ಬರೆದ ನಲವತ್ತಕ್ಕೂ ಹೆಚ್ಚು ದೂರುಗಳಿಗೆ ಉತ್ತರ ಬಂದಿಲ್ಲವಾದ್ದರಿಂದ ತಮ್ಮ ಮೌನವೂ ನನ್ನನ್ನು ನೋಯಿಸದು.

ಮೊದಲು ನನ್ನ ಅರ್ಹತೆ. ಮೂವತ್ತನಾಲ್ಕು ವರ್ಷ ದಿನಸಿ ಅಂಗಡಿ ಇಟ್ಟು ತೆಂಗಿನೆಣ್ಣೆ ಅಳೆದವನು ನಾನು. ಅಂಗಡಿ ತೆರೆದ ದಿನ ಮೊದಲ ಗಿರಾಕಿಯಾಗಿ ಬಂದವರು ಕಾಡಂಚಿನ ಹಾಡಿಯಲ್ಲಿ ಜೇನು ಕೀಳುವ ದೊಡ್ಡಿ ಎಂಬವರು. ನಾನು ಕಾಲು ಲೀಟರನ್ನು ಕರಾರುವಾಕ್ಕಾಗಿ ಸುರಿದು ಮಾಪನ್ನು ಮೇಲೆತ್ತಿದೆ. ಅವರು ಬಾಟಲಿಯನ್ನು ಹಿಂದೆಗೆಯದೆ ಹಾಗೆಯೇ ಹಿಡಿದು ನಿಂತರು. ಇನ್ನೊಂದಿಷ್ಟು ಎಣ್ಣೆ ಬಿಟ್ಟ ಮೇಲೆಯೇ ಅವರು ಬಿರಡೆ ಹಾಕಿದ್ದು. ಅಳತೆಯ ಮೇಲೆ ಕೊಸರು ಎಂಬುದೊಂದು ಇದೆಯೆಂದು ನಾನು ಕಲಿತದ್ದು ಹೀಗೆ, ಮತ್ತು ಅಂದಿನಿಂದ ಕೊಸರು ಹಾಕದೆ ಯಾರನ್ನೂ ಕಳಿಸಿದವನಲ್ಲ.

ಅಂಗಡಿ ಮುಚ್ಚಿದ ಮೇಲೆ, ಸಂಘದವರು ಜೇನು ಪರೀಕ್ಷಿಸುವ ಕೊಠಡಿ ತೆರೆದು ಗಾಳಿಬೀಡಿನ ಕವನಾ ಎಂಬ ಹುಡುಗಿಯನ್ನು ನೇಮಿಸಿದಾಗ, ಅವಳಿಗೆ ಸಹಾಯಕ ಬೇಕೆಂದು ಕೇಳಿ, ಗ್ರಂಥಾಲಯದ ವಿಜ್ಞಾನ ಮಾಸಿಕಗಳನ್ನೆಲ್ಲ ಓದಿದವನಿಗಿಂತ ಯೋಗ್ಯ ಇನ್ನಾರು ಎಂದು ನಾನೇ ಹೋಗಿ ನಿಂತೆ. ಪರೀಕ್ಷೆ ಸರಳ: ಜೇನನ್ನು ನೀರಿನಲ್ಲಿ ಕರಗಿಸಿ, ತಮ್ಮ ಪಿಪೆಟ್ಟಿನಿಂದ ಇಪ್ಪತ್ತು ಮೈಕ್ರೊಲೀಟರ್ ಹೀರಿ ರಾಸಾಯನಿಕಕ್ಕೆ ಬೆರೆಸಬೇಕು. ಜೇನನ್ನು ಒಲೆಯ ಮೇಲೆ ಕಾಯಿಸಿದ್ದರೆ ದ್ರವ ಬಣ್ಣದ ಪಟ್ಟಿಯಲ್ಲಿ ಗೊತ್ತುಮಾಡಿದ ಗೆರೆಗಿಂತ ಹೆಚ್ಚು ಕೆಂಪಾಗುತ್ತದೆ.

ತಮ್ಮ ಉಪಕರಣವನ್ನು ಹೊಗಳದಿರುವುದು ಅಸಾಧ್ಯ. ಅಂಗೈಗೆ ಒರಗುವ ಆ ಬಾಗು, ಹೆಬ್ಬೆರಳಿಗೆ ಎದುರಾಡಿಯೂ ಒಪ್ಪಿಕೊಳ್ಳುವ ಆ ಸ್ಪ್ರಿಂಗು, ಬಳಸಿದ ಪ್ಲಾಸ್ಟಿಕ್ ತುದಿಯನ್ನು ಉಗಿದು ದೂರ ಎಸೆಯುವ ಆ ಗತ್ತು! ಆದರೆ ಒಂದೇ ಗುಂಡಿಗೆ ತಾವು ಎರಡು ತಡೆ ಇಟ್ಟಿದ್ದೀರಿ. "ಅಂಕಲ್, ಹೀರುವಾಗ ಮೊದಲ ತಡೆವರೆಗೆ ಮಾತ್ರ ಒತ್ತಿ. ಎರಡನೇದು ಬಿಡುವಾಗ, ಒಳಗೆ ಅಂಟಿದ್ದು ಪೂರ್ತಿ ಹೊರಗೆ ಹೋಗ್ಲಿ ಅಂತ," ಎಂದು ಕವನಾ ಹೇಳಿದಳು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಶಾಲೆಯ ದಿನಗಳಿಂದಲೂ ಮುಂದು.

ಮೊದಲ ತಡೆಯ ಆಚೆಗೂ ಗುಂಡಿ ಇಳಿಯುವುದನ್ನು ಕಂಡು ನನಗಾದ ಸಂತೋಷವನ್ನು ಹೇಗೆ ಹೇಳಲಿ! ಕೊಸರಿಗೆಂದೇ ಜಾಗ ಬಿಟ್ಟಿದ್ದಾರೆ, ಇವರೂ ನಮ್ಮವರೇ ಎಂದುಕೊಂಡೆ. ಕವನಾ ನಾಲ್ಕು ದಿನ ರಜೆಯಲ್ಲಿದ್ದಾಗ ಬಂದ ಹತ್ತು ಮಂದಿಯ ಜೇನನ್ನು ಅವಳು ಹೇಳಿದಂತೆಯೇ ಅಳೆದೆ. ಹನ್ನೊಂದನೆಯದು ದೊಡ್ಡಿಯವರದು. ಡಬ್ಬದ ಮೇಲಿನ ಚೀಟಿಯಲ್ಲಿ ಆ ಹೆಸರು ಓದಿದ್ದೇ ತಡ, ಹಿಂದೆಗೆಯದ ಆ ಬಾಟಲಿ ನೆನಪಾಗಿ, ನನ್ನ ಹೆಬ್ಬೆರಳು ಎರಡನೇ ತಡೆಯವರೆಗೂ ಇಳಿದು, ತುಂಬು ಮನಸ್ಸಿನಿಂದ ಹೀರಿತು. ಬೇಸಿಗೆಯ ಜೇನು ಮೊದಲೇ ಗೆರೆಯ ಹತ್ತಿರ ಇರುತ್ತದಂತೆ. ಮರ್ಯಾದೆಗೆಂದು ನಾನು ಹೀರಿದ ಹೆಚ್ಚುವರಿ ಹನಿ ಅದನ್ನು ಗೆರೆ ದಾಟಿಸಿತು.

'ದೊಡ್ಡಿ: ಕಾಯಿಸಿದ ಜೇನು, ಸ್ವೀಕರಿಸಿಲ್ಲ' ಎಂದು ಫಲಕಕ್ಕೆ ಬರೆದು ಹಾಕಿದವನು ನಾನೇ, ಏಕೆಂದರೆ ಸಂಘದಲ್ಲಿ ನನ್ನ ಅಕ್ಷರ ದುಂಡು. "ಈ ಜೇನಿಗೆ ಒಲೆ ಮುಖಾನೇ ತೋರ್ಸಿಲ್ಲ ಜಯಣ್ಣ," ಎಂದು ಅವರು ಬಾಗಿಲಲ್ಲಿ ನಿಂತು ಹೇಳಿದರು. ವಿಜ್ಞಾನ ಸುಳ್ಳು ಹೇಳುವುದಿಲ್ಲವೆಂದು ಅವರಿಗೆ ಹತ್ತು ನಿಮಿಷ ವಿವರಿಸಿದೆ. ಅವರು ಡಬ್ಬ ಎತ್ತಿಕೊಂಡು ಹೋದರು. ಮರುದಿನದಿಂದ ಬಸ್ ನಿಲ್ದಾಣದ ಅಂಗಡಿಯವರೂ ಅವರ ಜೇನನ್ನು ಬೇಡವೆಂದರು.

ರಜೆ ಮುಗಿಸಿ ಬಂದ ಕವನಾ ಫಲಕ ಓದಿ, ಉಳಿಸಿಟ್ಟಿದ್ದ ಮಾದರಿಯನ್ನು ತಾನೇ ಪರೀಕ್ಷಿಸಿದಳು. ಜೇನು ಶುದ್ಧವಾಗಿತ್ತು. ಆಮೇಲೆ ನನ್ನನ್ನು ತಕ್ಕಡಿಯ ಮುಂದೆ ಕೂರಿಸಿ, ದೊಡ್ಡಿಯವರ ಜೇನನ್ನು ಅಳೆದಂತೆಯೇ ನೀರು ಅಳೆಯಿರಿ ಎಂದಳು. ಇಪ್ಪತ್ತು ಮೈಕ್ರೊಲೀಟರ್ ನೀರು ಇಪ್ಪತ್ತು ಮಿಲಿಗ್ರಾಂ ತೂಗಬೇಕು. ಅವಳದು ಇಪ್ಪತ್ತು ತೂಗಿತು, ನನ್ನದು ಇಪ್ಪತ್ತಾರು. "ಅಂಕಲ್, ಈ ಆರು ಎಲ್ಲಿಂದ ಬಂತು?" ಎಂದಳು. ಎಣ್ಣೆ ಡಬ್ಬದಿಂದ ಎನ್ನುವ ಬದಲು ನಾನು ತಕ್ಕಡಿಯ ತಟ್ಟೆ ಒರೆಸಿದೆ.

ಆದ್ದರಿಂದ ಮಾನ್ಯರೇ, ತಮ್ಮ ಮುಂದಿನ ಮಾದರಿಯಲ್ಲಿ ಕೆಲವು ಸುಧಾರಣೆಗಳನ್ನು ವಿನಯದಿಂದ ಕೋರುತ್ತೇನೆ. ಅಂಗಡಿ ಇಟ್ಟವನ ಕೈಯನ್ನು ಮುಟ್ಟಿದೊಡನೆ ಗುರುತಿಸಿ ಗುಂಡಿ ಕಲ್ಲಾಗಲಿ. ಚೀಟಿಯ ಮೇಲಿನ ಹೆಸರು ಪಿಪೆಟ್ಟು ಹಿಡಿದವನಿಗೆ ಕಾಣದಿರಲಿ. ಅದು ಕಷ್ಟವಾದರೆ ಮೂರನೆಯ ತಡೆಯೊಂದನ್ನು ಇಟ್ಟು, ಅಲ್ಲಿಗೆ ಮುಟ್ಟಿದ ಹೆಬ್ಬೆರಳನ್ನು ಕಚ್ಚುವ ವ್ಯವಸ್ಥೆ ಮಾಡಿ. ಇಷ್ಟು ನಿಖರವಾದ ಉಪಕರಣವನ್ನು ಮಾಡಿದ ತಾವು, ಅದನ್ನು ಹಿಡಿಯುವವನ ತಲೆಯಲ್ಲಿ ಮೂವತ್ತನಾಲ್ಕು ವರ್ಷದ ಎಣ್ಣೆ ಇದ್ದೀತೆಂದು ಯೋಚಿಸದೆ ಹೋದದ್ದೇ ನನ್ನ ದೂರು.

ಭಾನುವಾರ ಹಾಡಿಗೆ ಹೋಗಿ ದೊಡ್ಡಿಯವರಿಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಎಣ್ಣೇಲಿ ಕೊಡೋದನ್ನ ಎಣ್ಣೇಲಿ ಕೊಟ್ರಿ, ಸರಿ. ನನ್ನ ಜೇನಿಗೆ ಪ್ರೀತಿ ಗೀತಿ ಬೇಡ ಜಯಣ್ಣ, ಅಳತೆ ಸಾಕು," ಎಂದರು. ಆಮೇಲೆ, "ಎಲ್ಲಿ ಬರ್ದು ಹಾಕಿದ್ರೋ ಅಲ್ಲೇ ಬರ್ದು ಹಾಕಿ. ಎರಡೇ ಮಾತು," ಎಂದರು. ಆ ಎರಡು ಮಾತು ಬರೆಯಲು ಕುಳಿತವನು ತಮಗೆ ಇಷ್ಟು ಬರೆದಿದ್ದೇನೆ.

ತಮ್ಮ ವಿಶ್ವಾಸಿ, ಇಪ್ಪತ್ತಕ್ಕೆ ಇಪ್ಪತ್ತಾರರಷ್ಟು,
ಜಯಪ್ರಕಾಶ್
ಶ್ರೀಮಂಗಲ

ಕೊಸರು: ಈ ಪತ್ರವನ್ನು ಓದಿದ ಕವನಾ, ಫಲಕದಲ್ಲಿ ಇಷ್ಟಕ್ಕೆ ಜಾಗವಿಲ್ಲ, ದೊಡ್ಡಿಯವರು ಕೇಳಿದಷ್ಟನ್ನೇ ಹಾಕಿ ಎಂದಳು. ಹಾಗಾಗಿ ಪತ್ರ ತಮಗಿರಲಿ. ಫಲಕಕ್ಕೆ ಹೋಗುತ್ತಿರುವುದು ಇದು: 'ದೊಡ್ಡಿಯವರ ಜೇನು ಕಾಯಿಸಿದ್ದಲ್ಲ. ತಪ್ಪು ಜಯಪ್ರಕಾಶನದು.' ಮೊದಲು ನಾನು 'ತಪ್ಪು ಜಯಪ್ರಕಾಶನ ಹೆಬ್ಬೆರಳಿನದು' ಎಂದು ಬರೆದಿದ್ದೆ. ಹೆಬ್ಬೆರಳು ಅಳತೆಗಿಂತ ಹೆಚ್ಚಾಯಿತೆಂದು ಅವಳು ಅದನ್ನು ಹೊಡೆದುಹಾಕಿದಳು.