ಮೊಮ್ಮಗಳ ಹೊಟ್ಟೆನೋವಿಗೆ ಕನಕಪುರದ ಪುಡಿ

ಬನ್ನಿ, ಕೂತ್ಕೊಳ್ಳಿ. ಅಲ್ಲಿ ಬ್ಯಾಡ, ಈ ಕಡೆ ಚಾಪೆ ಮೇಲೆ, ಗೋಡೆಗೆ ಒರಗಿಕೊಂಡು. ಎಲೆ ಅಡಿಕೆ ಬೇಕಿದ್ದೋರು ಹಾಕ್ಕೊಳ್ಳಿ. ಮೊಬೈಲು ಒಸಿ ಮಗುಚಿ ಇಡಿ. ನಮ್ಮ ಕಡೆ ಒಂದು ವಿಚಿತ್ರ ಐತೆ ಕಣ್ರವ್ವ. ಗಂಡಸಿಗೆ ಮೂಗು ಸೋರಿದ್ರೆ ಡಾಕ್ಟ್ರು ಬೇಕು. ಹೆಣ್ಣುಮಗಳು ಹೊಟ್ಟೆ ಹಿಡ್ಕೊಂಡು ನೆಲಕ್ಕೆ ಬಿದ್ರೆ ಮಾತ್ರ ಬೀದಿಲಿ ಹೋಗೋರೆಲ್ಲಾ ತಾವೇ ಡಾಕ್ಟ್ರಾಗಿಬುಡ್ತಾರೆ. ಹಿಂಗೆ ಡಾಕ್ಟ್ರಾದೋರು ನಮ್ಮನೆ ಜಗುಲಿ ಮೇಲೆ ಆಗಾಗ ಬಂದು ಕೂರ್ತಾನೇ ಇರ್ತಾರೆ. ನಾನು ಕಣ್ಣಾರೆ ಕಂಡಿದ್ದಷ್ಟೇ ಹೇಳ್ತೀನಿ.

ನೋವಿಗೆ ಹೆಸರು ಸಿಕ್ಕಿದ್ದು

ನನ್ನ ಮಗನ ಮಗಳು ಚನ್ನಪಟ್ಟಣದ ಬೊಂಬೆ ಕಾರ್ಖಾನೆಗೆ ಕೆಲ್ಸಕ್ಕೆ ಹೋಯ್ತಾಳೆ. ಮರದ ಬೊಂಬೆಗೆ ಕಣ್ಣು ಮೂಗು ಬರೆಯೋ ಕೆಲ್ಸ. ಕೈ ಒಸಿ ನಡುಗಿದ್ರೆ ಆನೆಗೆ ಮೆಳ್ಳಗಣ್ಣು ಬಂದ್ಬುಡ್ತದೆ. ನಮ್ಮೂರು ಸಾತನೂರಿನ ಪಕ್ಕ, ದಿನಾ ಬಸ್ಸಲ್ಲೇ ಓಡಾಟ. ತಿಂಗಳು ತಿಂಗಳು ಮುಟ್ಟಾದಾಗ ಅವಳ ಹೊಟ್ಟೆ ಒಳಗೆ ಯಾರೋ ಒನಕೆ ಹಿಡ್ಕೊಂಡು ಕುಟ್ಟಿದಂಗಾಗೋದು. ಮೂಲೆಲಿ ಮುದುರಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ನರಳೋಳು. ಒಂದ್ಸಲ ಬಸ್ಸಲ್ಲೇ ಕಣ್ಣು ಕತ್ತಲೆ ಕಟ್ಟಿ ಬಿದ್ದೋದ್ಲು. ಕಂಡಕ್ಟ್ರು ನೀರು ಚಿಮುಕಿಸಿ, ಯಾರೋ ಸೀಟು ಬುಟ್ಟುಕೊಟ್ಟು, ಮನೆ ತಂಕ ಬಂದ್ಲು. ಕಾರ್ಖಾನೆಲಿ ಯಜಮಾನ್ರು ಒಳ್ಳೆ ಸಾಬ್ರು, ಏನೂ ಅನ್ನಲಿಲ್ಲ. ಆದ್ರೂ ತಿಂಗಳು ತಿಂಗಳು ರಜ ಹಾಕೋಳನ್ನ ಯಾರು ಎಷ್ಟು ದಿನ ಇಟ್ಕೊಂಡಾರು? ಆ ಕೆಲ್ಸ ಅಂದ್ರೆ ಮಗೀಗೆ ಪ್ರಾಣ.

ರಾಮನಗರಕ್ಕೆ ಕರ್ಕೊಂಡೋದೋ. ಲೇಡಿ ಡಾಕ್ಟ್ರು ಸ್ಕ್ಯಾನು ಮಾಡಿಸಿ ಹೇಳುದ್ರು: “ಗರ್ಭಕೋಶದ ಒಳಗಿರೋ ಪದರದಂಥದ್ದು ಹೊರಗೂ ಬೆಳೆದಿದೆ ಅಜ್ಜಿ. ಮುಟ್ಟಿನ ಸಮಯದಲ್ಲಿ ಅದೂ ಊದ್ಕೊಳ್ಳುತ್ತೆ, ಅಲ್ಲೂ ರಕ್ತ ಬರುತ್ತೆ. ಆ ರಕ್ತ ಹೊರಗೆ ಹೋಗೋಕೆ ದಾರಿ ಇಲ್ಲ. ಅದಕ್ಕೇ ಈ ನೋವು. ಇದಕ್ಕೆ ಎಂಡೋಮೆಟ್ರಿಯೋಸಿಸ್ ಅಂತಾರೆ.”

ಹೆಸರು ಕೇಳಿ ಮಗಿ ಅತ್ತುಬುಡ್ತು. ಹೆದರಿಕೆಗಲ್ಲ ಕಣ್ರವ್ವ. ಇಷ್ಟು ವರ್ಷ ಎಲ್ಲಾರೂ “ನಾಟಕ ಆಡ್ತಾಳೆ” ಅಂದಿದ್ರಲ್ಲ, ನಾಟಕಕ್ಕೆ ಇಷ್ಟುದ್ದ ಹೆಸರು ಇರಕಿಲ್ಲ ಅಂತ ಗೊತ್ತಾಯ್ತಲ್ಲ, ಆ ಸಮಾಧಾನಕ್ಕೆ.

ನನ್ನ ಮಗ ಸುಮ್ಕಿರಬಾರದಾ? “ಡಾಕ್ಟ್ರೇ, ಮದುವೆ ಮಾಡುದ್ರೆ ಸರಿಹೋಯ್ತದೆ ಅಂತಾರಲ್ಲ?” ಅಂದ.

ಡಾಕ್ಟ್ರು ಕನ್ನಡಕ ತೆಗೆದು ಅವನನ್ನೇ ನೋಡುದ್ರು. “ನಿಮಗೆ ಮದುವೆ ಆದ್ಮೇಲೆ ಯಾವ ಕಾಯಿಲೆ ವಾಸಿ ಆಯ್ತು?”

ಅವನು ಬಾಯಿ ಬುಡೋಕೆ ಮುಂಚೆ ನನ್ನ ಸೊಸೆ ಅಂದ್ಲು: “ಗೊರಕೆ ಕೂಡ ಹೋಗಲಿಲ್ಲ ಡಾಕ್ಟ್ರೇ.”

ಎಫೆಕ್ಟು

ಡಾಕ್ಟ್ರು ಮಾತ್ರೆ ಬರ್ದುಕೊಟ್ರು. ಕಮ್ಮಿ ಆಗದಿದ್ರೆ ಸಣ್ಣ ತೂತಿನ ಆಪರೇಷನ್ ಮಾಡನ ಅಂದ್ರು. ಮನೆಗೆ ಬಂದು ಇನ್ನೂ ಕಾಲು ತೊಳ್ಕೊಂಡಿಲ್ಲ, ಕನಕಪುರದ ದೊಡ್ಡಮ್ಮ ಹಾಜರು.

ದೊಡ್ಡಮ್ಮ ಅಂದ್ರೆ ನನ್ನ ಸೊಸೆಯ ಒಡಹುಟ್ಟಿದ ಅಕ್ಕ. ಮನುಷ್ಯಳು ಕೆಟ್ಟೋಳಲ್ಲ. ಆದ್ರೆ ಅವಳ ಹೆಗಲಲ್ಲಿ ಯಾವಾಗ್ಲೂ ಒಂದು ಬ್ಯಾಗು, ಬ್ಯಾಗಲ್ಲಿ ಡಬ್ಬ. ಅವಳ ಕೈಲಿ ಡಬ್ಬ ತಗೊಂಡೋರು ಇನ್ನೊಬ್ಬರಿಗೆ ಮಾರಬೇಕು, ಅವರು ಮತ್ತೊಬ್ಬರಿಗೆ. ಹಂಗೆ ಒಂದು ಸರಪಣಿ. ಅವಳನ್ನ ಕಂಡ್ರೆ ಕನಕಪುರದಾಗೆ ನೆಂಟರು ಬಾಗಿಲು ಹಾಕ್ಕೊಂಡು, ಕೆಮ್ಮು ಬಂದ್ರೂ ಬಾಯಿ ಮುಚ್ಕೊಂಡು ಕೆಮ್ಮುತಾರಂತೆ.

ಡಬ್ಬದ ಮುಚ್ಚಳ ತೆಗೆದ್ಲು. ಒಳಗೆ ಹಸಿರು ಪುಡಿ. “ಅತ್ತೆಮ್ಮ, ಇದು ಪೂರಾ ನ್ಯಾಚುರಲ್ಲು. ಬೇರು, ಸೊಪ್ಪು, ಬೀಜ. ಸೈಡ್ ಎಫೆಕ್ಟೇ ಇಲ್ಲ.”

“ಎಫೆಕ್ಟಾದ್ರೂ ಐತೇನವ್ವ?”

“ಗಿಡದಿಂದ ಬಂದಿದ್ದು ಅತ್ತೆಮ್ಮ! ಗಿಡದಿಂದ ಬಂದಿದ್ದು ಯಾರಿಗೂ ಕೆಡುಕು ಮಾಡಕಿಲ್ಲ.”

“ಎಕ್ಕದ ಹಾಲೂ ಗಿಡದಿಂದಲೇ ಬರದು. ಒಸಿ ಕಣ್ಣಿಗೆ ಬುಟ್ಕೋ, ನೋಡನ.”

ನನ್ನ ಮಾತು ಯಾರು ಕೇಳ್ತಾರೆ? ಅಕ್ಕನ ಮುಖ ನೋಡಿ ಸೊಸೆ ಡಬ್ಬ ತಗೊಂಡ್ಲು. ಮಗಿ ಮೂಗು ಮುಚ್ಕೊಂಡು ಕುಡೀತು. ಹೊಟ್ಟೆನೋವು ಜಪ್ಪಯ್ಯ ಅನ್ನಲಿಲ್ಲ, ಬದಲಿಗೆ ಭೇದಿ ಹತ್ಕೊಂತು. ಫೋನು ಮಾಡುದ್ರೆ ದೊಡ್ಡಮ್ಮನಿಗೆ ಸಂತೋಷವೋ ಸಂತೋಷ. “ಗಾಬರಿ ಬ್ಯಾಡಿ! ಒಳಗಿನ ವಿಷ ಎಲ್ಲ ಹೊರಗೆ ಹೋಯ್ತಾ ಐತೆ.”

ನಾನು ಫೋನು ಕಿತ್ಕೊಂಡು ಅಂದೆ: “ವಿಷ ನೀನು ಕೊಡೋಕೆ ಮುಂಚೆ ಇರಲಿಲ್ಲ ಕಣವ್ವ. ಹೋಯ್ತಿರೋದು ನಾನು ಉಣ್ಣಿಸಿದ ಮುದ್ದೆ.”

ಹಸುವಿನ ಅನುಭವ

ಮಗಿ ಕುಡಿಯೋದು ಬುಡ್ತು. ಅರ್ಧ ಡಬ್ಬ ಪುಡಿ ಉಳೀತು. ನನ್ನ ಮಗನಿಗೆ ಯಾವುದನ್ನೂ ಚೆಲ್ಲಕ್ಕೆ ಮನಸ್ಸು ಬರಕಿಲ್ಲ. ಯಾರಿಗೂ ಹೇಳದೆ ಅದ್ರಲ್ಲಿ ಒಂದು ಹಿಡಿ ತಗೊಂಡೋಗಿ ಸೀಮೆ ಹಸುವಿನ ಬೂಸಕ್ಕೆ ಕಲಸಿಬುಟ್ಟ. ಹಸು ಪಾಪ, ಕೊಟ್ಟಿದ್ದನ್ನ ನಂಬೋ ಪ್ರಾಣಿ, ಬಾನಿ ನೆಕ್ಕಿ ನೆಕ್ಕಿ ತಿಂತು.

ಬೆಳಗ್ಗೆ ಕ್ಯಾನು ಹಿಡ್ಕೊಂಡು ಡೈರಿಗೆ ಹೋದ. ಡೈರಿ ಸೆಕ್ರೆಟ್ರಿ ಮುಚ್ಚಳ ತೆಗೆದು ಮೂಸಿದ. ಇನ್ನೊಂದ್ಸಲ ಮೂಸಿದ. “ಏನ್ಲಾ ಇದು, ಹಾಲಿಗೆ ಒಗ್ಗರಣೆ ಹಾಕಿದ್ದೀಯಾ?” ಅಂತ ಸಾಲಲ್ಲಿ ನಿಂತೋರಿಗೆಲ್ಲ ಕೇಳೋ ಹಂಗೆ ಅಂದು ವಾಪಸ್ ಕಳಿಸ್ದ. ಹಿಂದೆ ನಿಂತಿದ್ದೋನು, “ಗೌಡ್ರೇ, ನಾಳೆ ಒಸಿ ಉಪ್ಪೂ ಹಾಕ್ಕೊಂಡು ಬನ್ನಿ, ಸಾರೇ ಆಯ್ತದೆ” ಅಂದನಂತೆ.

ಇದು ಹೆಂಗೋ ದೊಡ್ಡಮ್ಮನ ಕಿವಿಗೆ ಬಿತ್ತು. ಬೇಜಾರು ಮಾಡ್ಕೋತಾಳೆ ಅಂದ್ಕೊಂಡೋ. ಅವಳು ಓಡೋಡಿ ಬಂದು ಕೊಟ್ಟಿಗೆಲಿ ನಿಂತು, “ಹಾಲು ಜಾಸ್ತಿ ಆಯ್ತಾ?” ಅಂತ ಕೇಳಿ, ಹಸುವಿನ ಪಕ್ಕ ಡಬ್ಬ ಹಿಡಿದು ಫೋಟೋ ಹೊಡ್ಕೊಂಡೋದ್ಲು. ಸಂಜೆಗೆ ಅವಳ ಗ್ರೂಪಿನಲ್ಲಿ ಬಂತು ನೋಡಿ, ‘ಉಪಯೋಗಿಸಿದ ಮಹಿಳೆಯರ ಅನುಭವ’ ಅಂತ. ಮೇಲುಗಡೆ ಯಾರೋ ಇಬ್ಬರು ಹೆಂಗಸರು. ಕೆಳಗೆ ನಮ್ಮ ಹಸು.

ಡಬ್ಬದ ಗಿರಾಕಿ

ಹಸುವಿನಿಂದ ಧೈರ್ಯ ಬಂದು ದೊಡ್ಡಮ್ಮ ನೇರವಾಗಿ ಮೊಮ್ಮಗಳ ಕಾರ್ಖಾನೆಗೇ ಹೋದ್ಲು. ಅಲ್ಲಿ ಹೆಂಗಸರು ಜಾಸ್ತಿ ಅಂತ. ಬೊಂಬೆಗೆ ಹಚ್ಚೋ ಅರಗಿನ ವಾಸ್ನೆ ನಡುವೆ ಕುರ್ಚಿ ಹಾಕ್ಕೊಂಡು ಕೂತು, ಮುಟ್ಟಿನ ನೋವು, ಬಿಳಿ ಸೆರಗು, ಸೊಂಟನೋವು ಅಂತ ಭಾಷಣ ಮಾಡುದ್ಲು. ಮೊಮ್ಮಗಳು ನಾಚಿಕೆಗೆ ಕುದುರೆ ಬೊಂಬೆ ಹಿಂದೆ ಬಚ್ಚಿಟ್ಕೊಂಡಿದ್ಲಂತೆ.

ಯಜಮಾನ್ರ ಹೆಂಡ್ತಿ ಪೂರ್ತಿ ಕೇಳಿಸ್ಕೊಂಡ್ರು. ಡಬ್ಬ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡುದ್ರು. ಮುಚ್ಚಳ ಬಿಗಿ ಮಾಡುದ್ರು, ಸಡಿಲ ಮಾಡುದ್ರು. ದೊಡ್ಡಮ್ಮನಿಗೆ ಗಿರಾಕಿ ಸಿಕ್ತು ಅಂತ ಮುಖ ಅರಳ್ತು.

“ಬಹಳ ಚೆನ್ನಾಗಿದೆ ಅಕ್ಕ,” ಅಂದ್ರು ಆಯಮ್ಮ. “ಬಣ್ಣ ಹಾಕಿಡೋಕೆ ಇಂಥದ್ದೇ ಹುಡುಕ್ತಾ ಇದ್ವಿ. ಪುಡಿ ಇಲ್ಲದೆ ಬರೀ ಡಬ್ಬ ಸಿಗುತ್ತಾ?”

ಶನಿವಾರದ ಮೀನು

ಇಷ್ಟಾದ್ರೂ ದೊಡ್ಡಮ್ಮ ಸೋಲಲಿಲ್ಲ. ಈ ಸಲ ಪುಡಿ ಬುಟ್ಟು ಕ್ಯಾಪ್ಸೂಲು ತಂದು ಮಗಿ ಕೈಗೆ ಗುಟ್ಟಾಗಿ ಕೊಟ್ಲು. “ಡಾಕ್ಟ್ರು ಮಾತ್ರೆ ನಿಲ್ಸು. ಎರಡೂ ಒಳಗೆ ಹೋದ್ರೆ ಜಗಳ ಆಡ್ತವೆ” ಅಂತ ಬೇರೆ ಹೇಳಿದ್ಲಂತೆ. ನೋವಿಂದ ಬೇಸತ್ತ ಜೀವ, ಹೂಂ ಅಂದ್ಬುಡ್ತು. ನಮಗೆ ಗೊತ್ತಿಲ್ಲ. ನೋವು ಇನ್ನೂ ಜಾಸ್ತಿ ಆಗಿ ಡಾಕ್ಟ್ರು ಆಪರೇಷನ್ನಿಗೆ ದಿನ ಗೊತ್ತು ಮಾಡುದ್ರು. “ಬೇರೆ ಏನಾದ್ರೂ ಔಷಧಿ ತಗೋತಿದ್ದೀಯಾ?” ಅಂತ ಕೇಳುದ್ರು. ಮಗಿ, “ಇಲ್ಲ ಮೇಡಂ” ಅಂತು. ಅದರ ಪಾಲಿಗೆ ಅದು ಔಷಧಿ ಅಲ್ವಲ್ಲ, ನ್ಯಾಚುರಲ್ಲು!

ಆ ದಿನ ಬಂತು. ಕಾರ್ಖಾನೆಗೆ ರಜ ಹಾಕಿ, ಬಟ್ಟೆ ಕಟ್ಕೊಂಡು ಹೋದೋ. ನರ್ಸಮ್ಮ ಇನ್ನೊಂದು ಥರ ಕೇಳ್ತು: “ಪುಡಿ, ಎಣ್ಣೆ, ಟಾನಿಕ್ಕು ಏನಾದ್ರೂ?” ಆಗ ಮಗಿ ಮೆಲ್ಲಗೆ ಬ್ಯಾಗಿಂದ ಕ್ಯಾಪ್ಸೂಲಿನ ಮೂರು ಶೀಶೆ ತೆಗೀತು. ಅರಿಶಿನದ್ದೊಂದು, ಬೆಳ್ಳುಳ್ಳಿದೊಂದು, ಮೀನೆಣ್ಣೆದೊಂದು. ಡಾಕ್ಟ್ರು ಕೊಟ್ಟ ಮಾತ್ರೆ ನಿಲ್ಸಿದ್ದನ್ನೂ ಆಗಲೇ ಬಾಯ್ಬುಡ್ತು.

ಡಾಕ್ಟ್ರು ಬಂದು ತಲೆ ಚಚ್ಕೊಂಡ್ರು. “ಅಡುಗೆಗೆ ಅರಿಶಿನ, ಶುಂಠಿ ಹಾಕ್ಕೊಳ್ಳಿ, ಯಾರು ಬೇಡ ಅಂದ್ರು? ಕೆಲವರಿಗೆ ಒಸಿ ಆರಾಮೂ ಅನ್ನಿಸಬಹುದು. ಆದ್ರೆ ಹಿಂಗೆ ಸತ್ವ ಗಟ್ಟಿ ಮಾಡಿ ನುಂಗಿದ್ರೆ ಆಪರೇಷನ್ನಲ್ಲಿ ರಕ್ತ ನಿಲ್ಲೋದು ಕಷ್ಟ ಆಗಬಹುದು. ಇವತ್ತು ಮಾಡಲ್ಲ. ಇದನ್ನ ನಿಲ್ಲಿಸಿ, ಮಾತ್ರೆ ಶುರು ಮಾಡಿ, ಆಮೇಲೆ ಬನ್ನಿ.”

ಮಗಿ ಮಂಚದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬುಡ್ತು. ಸೊಸೆ ಮಾತ್ರ ಶೀಶೆ ಹಿಡ್ಕೊಂಡು ಅದ್ರ ಮೇಲಿನ ಚೀಟಿನೇ ನೋಡ್ತಾ ನಿಂತಿದ್ಲು. ಅಕ್ಕನ ಮೇಲೆ ಈಗಲಾದ್ರೂ ಸಿಟ್ಟು ಬಂತು ಅಂದ್ಕೊಂಡೆ. ಬಂದಿತ್ತು, ಸುಳ್ಳಲ್ಲ.

“ಶನಿವಾರ ನಮ್ಮನೇಲಿ ಮೊಟ್ಟೆನೂ ಮುಟ್ಟಕಿಲ್ಲ,” ಅಂದ್ಲು. “ಶನಿವಾರವೂ ಮೀನು ನುಂಗಿಸಿದ್ದಾಳಲ್ಲ, ಮನೆಹಾಳಿ!”

ಹುಳದ ಮನೆ

ಊರಿಗೆ ಬಂದ ಮಾರನೆ ದಿನವೇ ದೊಡ್ಡಮ್ಮನ ಫೋನು. “ದೇವ್ರೇ ಆಪರೇಷನ್ನು ತಪ್ಪಿಸ್ದ! ಇನ್ನೊಂದು ಕೋರ್ಸು ಕಳಿಸ್ತೀನಿ.” ನನ್ನ ಮಗ ತಲೆ ಕೆರ್ಕೊಂಡ. “ಅವ್ವ, ಕುಯ್ಯಿಸೋದು ಯಾಕೆ? ಇನ್ನೊಂದ್ಸಲ ನೋಡ್ಬುಡನ.”

ನಾನು ಗೋಡೆ ಗೂಡಲ್ಲಿ ಮಿಕ್ಕಿದ್ದ ಹಳೇ ಪುಡಿ ಡಬ್ಬ ತಗೊಂಡು ರೇಷ್ಮೆ ಹುಳದ ಮನೆ ಕಡೆ ನಡೆದೆ. ಹುಳ ನಾಲ್ಕನೇ ಜ್ವರ ಎದ್ದು, ಅಂದ್ರೆ ನಾಲ್ಕನೇ ಸಲ ಪೊರೆ ಬುಟ್ಟು, ಸೊಪ್ಪು ತಿಂತಿದ್ವು, ಚರಚರ ಅಂತ. ನನ್ನ ಮಗನ ಹುಳದ ಮನೆ ಅಂದ್ರೆ ದೇವಸ್ಥಾನಕ್ಕಿಂತ ಮಡಿ. ಕಾಲು ತೊಳೀದೆ ಹೋಗಂಗಿಲ್ಲ. ಒಗ್ಗರಣೆ ವಾಸ್ನೆ, ಊದುಬತ್ತಿ, ಮುಖಕ್ಕೆ ಪೌಡ್ರು, ಏನೂ ಆಗಕಿಲ್ಲ. ಸೊಪ್ಪಿನ ಮೇಲೆ ಒಂದು ಹನಿ ನೀರಿದ್ರೆ ರಂಪ ಮಾಡ್ತಾನೆ. ಒಂದೇ ಒಂದು ಹುಳಕ್ಕೆ ಹಾಲುತೊಂಡೆ ರೋಗ ಬಂದು ಮೈ ಬೆಳ್ಳಗಾದ್ರೆ ಸಾಕು, ರೇಷ್ಮೆ ಇಲಾಖೆಯೋರಿಗೆ ಫೋನು ಮಾಡಿ ಮಾಡಿ ಅವರ ಕಿವಿ ಬಿಸಿ ಮಾಡ್ತಾನೆ.

ಒಂದು ಚಮಚ ಪುಡಿ ತುಂಬ್ಕೊಂಡು ತಟ್ಟೆ ಮೇಲೆ ಕೈ ಚಾಚಿದೆ. ಹಿಂದಿಂದ ಮಗ ಕಿರುಚ್ದ ನೋಡಿ, ಹುಳ ಎಲ್ಲ ತಿನ್ನೋದು ನಿಲ್ಸಿ ತಲೆ ಎತ್ತಿದ್ವೇನೋ ಅನ್ನಿಸ್ತು.

“ಅವ್ವೋ! ಏನ್ ಮಾಡ್ತಿದ್ದೀಯೆ?”

“ಹುಳ ಒಸಿ ಸೊರಗಿದಂಗವೆ ಕಣಪ್ಪ. ನ್ಯಾಚುರಲ್ಲು. ಸೈಡ್ ಎಫೆಕ್ಟೇ ಇಲ್ಲ.”

“ಹುಚ್ಚು ಹಿಡಿದೈತೇನವ್ವ ನಿಂಗೆ? ಅದ್ರಲ್ಲಿ ಏನೈತೋ ಎಂತೋ! ಇಲಾಖೆಯೋರನ್ನ ಕೇಳ್ದೆ ಹುಳಕ್ಕೆ ಹಾಕಂಗಿಲ್ಲ!”

“ಹಂಗಾರೆ ಮಗಳಿಗೆ ಹಾಕ್ಬೋದು?”

ಅವನು ಚಮಚ ನನ್ನ ಕೈಯಿಂದ ತಗೊಂಡು, ಡಬ್ಬನೂ ತಗೊಂಡು ತಿಪ್ಪೆಗೆ ಎಸೆದು ಬಂದ. ಆ ವಾರವೇ ಹೆಂಡ್ತಿ ಮಗಳನ್ನ ಕರ್ಕೊಂಡು ರಾಮನಗರಕ್ಕೆ ಹೋಗಿ ಹೊಸ ದಿನ ಗೊತ್ತು ಮಾಡ್ಕೊಂಡು ಬಂದ. ದಾರಿ ಉದ್ದಕ್ಕೂ ಸೊಸೆಗೆ, “ಅವ್ವ ಹುಳಕ್ಕೆ ಹಾಕ್ಬುಡ್ತಿದ್ದಳಲ್ಲೇ” ಅಂತ ಬೆವರು ಒರೆಸ್ಕೋತಿದ್ನಂತೆ.

ಮಾರೋಕೆ ಇರೋದು

ಆಪರೇಷನ್ನು ಆಯ್ತು. ಆಮೇಲೊಂದು ದಿನ ತೋರಿಸೋಕೆ ಹೋಗಿದ್ದೋ. ಹೊರಗೆ ಬೆಂಚಿನ ತುದೀಲಿ ಒಬ್ಬಳು ಸೆರಗನ್ನ ಮೂಗಿನ ತಂಕ ಎಳ್ಕೊಂಡು, ಗೋಡೆ ಕಡೆ ತಿರುಗಿ ಕೂತವ್ಳೆ. ಪಕ್ಕದಲ್ಲಿ ಒಂದು ಹುಡುಗಿ ಹೊಟ್ಟೆ ಅದುಮಿಕೊಂಡು ಬಗ್ಗಿ ಕೂತೈತೆ. ಹುಡುಗಿ ಮುಖ ನೋಡಿದೆ, ನಮ್ಮ ದೊಡ್ಡಮ್ಮನ ಮಗಳು!

ಹತ್ರ ಹೋಗಿ ಕೂತೆ. “ಏನವ್ವ ಕನಕಪುರ? ಡಾಕ್ಟ್ರಿಗೂ ಡಬ್ಬ ಮಾರಕ್ಕೆ ಬಂದ್ಯಾ?”

ಸೆರಗು ಕೆಳಗಿಳೀತು. “ಇಲ್ಲ ಅತ್ತೆಮ್ಮ. ಮಗಳಿಗೆ ಮುಟ್ಟಾದಾಗೆಲ್ಲ ಹೊಟ್ಟೆನೋವು.”

“ಅಯ್ಯೋ, ಅದಕ್ಕೆ ಇಲ್ಲೀ ತಂಕ ಯಾಕೆ ಬಂದೆ? ಪುಡಿ ಕೊಡಬಾರದಾಗಿತ್ತಾ?”

ಅವಳು ನನ್ನ ಮುಖ ಬಲು ಆಶ್ಚರ್ಯದಿಂದ ನೋಡುದ್ಲು, ನಾನೇನೋ ದಡ್ಡ ಮಾತು ಆಡಿದಂಗೆ.

“ಅದು ಮಾರೋಕೆ ಇರೋದು ಅತ್ತೆಮ್ಮ!”

ಈಗ ಯಾರ್ಯಾರು ಏನಾದ್ರು ಅಂತ ಕೇಳ್ತೀರ, ಹೇಳ್ತೀನಿ. ದೊಡ್ಡಮ್ಮ ಪುಡಿ ಬುಟ್ಟವ್ಳೆ. ಈಗ ಬೆನ್ನುನೋವು ಹೀರ್ಕೊಳ್ಳೋ ಹಾಸಿಗೆ ಮಾರ್ತಾಳೆ. ನಮ್ಮನೆಗೆ ಬಂದಾಗ ಚಾಪೆ ಮೇಲೇ ಮಲಗ್ತಾಳೆ. ಡೈರಿ ಸೆಕ್ರೆಟ್ರಿ ಈಗಲೂ ನಮ್ಮ ಕ್ಯಾನು ಮೂಸದೆ ತಗೊಳ್ಳಕಿಲ್ಲ. ನನ್ನ ಮಗ, ಯಾರು ಏನು ತಿಂದ್ರೂ “ಡಾಕ್ಟ್ರನ್ನ ಕೇಳಿದ್ಯಾ?” ಅಂತಾನೆ, ಬಜ್ಜಿ ತಿಂದ್ರೂ ಅಂತಾನೆ. ಸೊಸೆ ಶೀಶೆ ಮೀನಿನ ಪಾಪಕ್ಕೆ ಮೂರು ಶನಿವಾರ ಉಪವಾಸ ಮಾಡುದ್ಲು.

ಮೊಮ್ಮಗಳಿಗೆ ನೋವು ಪೂರಾ ಹೋಗಿಲ್ಲ. ಡಾಕ್ಟ್ರೂ ಹೋಯ್ತದೆ ಅಂತ ಸುಳ್ಳು ಹೇಳಲಿಲ್ಲ. “ತಿರುಗಿ ಬರಬಹುದು, ಬಂದ್ರೆ ನೋಡ್ಕೊಳ್ಳೋಣ, ಮಾತ್ರೆ ಬಿಡಬೇಡ” ಅಂದವ್ರೆ. ಆದ್ರೆ ಸೆರಗು ಬಾಯಿಗೆ ತುರುಕಿಕೊಳ್ಳೋ ಅಂಥ ನೋವು ಇಲ್ಲ. ಕೆಲ್ಸ ಉಳ್ಕೊಂಡೈತೆ, ಬಸ್ಸಲ್ಲಿ ನಿಂತ್ಕೊಂಡೇ ಹೋಯ್ತಾಳೆ. ದೊಡ್ಡಮ್ಮನ ಮಗಳಿಗೂ ಅದೇ ಕಾಯಿಲೆ ಅಂತ ಗೊತ್ತಾಗಿ, ಈಗ ಅಕ್ಕತಂಗೀರು ಇಬ್ಬರೂ ಒಂದೇ ದಿನ ಡಾಕ್ಟ್ರಿಗೆ ತೋರಿಸೋಕೆ ಹೋಯ್ತಾರೆ. ತೋರಿಸ್ಕೊಂಡು, ಬಸ್ ಸ್ಟ್ಯಾಂಡ್ ಹತ್ರ ಹೋಟ್ಲಲ್ಲಿ ಮಸಾಲೆ ದೋಸೆ ತಿಂದು, ನಗಾಡ್ಕೊಂಡು ಬತ್ತಾರೆ. ಮನೇಲಿ ಒಬ್ಬಳು ಮುದುಕಿ ಅವ್ಳೆ, ಅವಳಿಗೂ ಒಂದು ಕಟ್ಟಿಸ್ಕೊಂಡು ಹೋಗನ ಅನ್ನೋ ಬುದ್ಧಿ ಮಾತ್ರ ಇಬ್ಬರಿಗೂ ಇಲ್ಲ!