ಮಂಡಕಳ್ಳಿಯ ಹಕ್ಕಿಗಳೂ ನನ್ನ ಕರಡಿಗೆಯೂ

ಈ ಚಳಿಗಾಲ ಮುಗಿಯುವುದರೊಳಗೆ ಮೈಸೂರಿನ ಸುತ್ತಲಿನ ಹಕ್ಕಿಗಳೆಲ್ಲ ನನ್ನನ್ನು ಹೆಸರು ಹಿಡಿದು ಮಾತಾಡಿಸಬೇಕು! ತೊಂಬತ್ತೆಂಟರ ಡಿಸೆಂಬರಿನ ಒಂದು ಭಾನುವಾರ, ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಹೊಸ ದುರ್ಬೀನನ್ನು ಕೊರಳಿಗೇರಿಸಿಕೊಂಡು ಹೀಗೆಂದು ಘೋಷಿಸಿದೆ.

"ಮೊದ್ಲು ಎದುರುಮನೆ ಶಾಮಣ್ಣೋರ ಗುರುತು ಹಿಡೀರಿ. ಮೊನ್ನೆ ಅವರು ನಮಸ್ಕಾರ ಅಂದ್ರೆ, ಯಾರು ನೀವು ಅಂದ್ರಂತೆ!" ಎಂದಳು ನನ್ನ ಹೆಂಡತಿ ಗಿರಿಜಾಂಬಾ. "ಪೂಜೆ?"

"ಬಂದು ಮಾಡ್ತೀನಿ ಕಣೇ. ಹಕ್ಕಿಗಳು ಕಾಯಲ್ಲ."

ಮಂಡಕಳ್ಳಿ ಕಡೆಯ ಅವರೆ ಹೊಲಗಳ ಮೇಲೆ ಮಂಜು ಇನ್ನೂ ಮಲಗಿತ್ತು. ನಾನು ಸ್ಕೂಟರ್ ನಿಲ್ಲಿಸಿ, ದುರ್ಬೀನು ಎತ್ತಿ, "ಅಗೋ ಗಿಜುಗ!" ಎಂದು ಕೂಗಿದೆ. ಗಿಜುಗ ಹಾರಿಹೋಯಿತು. "ಇಗೋ ಚಂದ್ರಮುಕುಟ!" ಅದೂ ಹೋಯಿತು. ಬಿಸಿಲೇರಿತು. ಸ್ವೆಟರನ್ನು ತಲೆಯ ಮೇಲಿಂದ ಎಳೆದು ತೆಗೆದು, ಬೆದರುಬೊಂಬೆಯ ತೋಳಿಗೆ ನೇತುಹಾಕಿ, ಯಾವುದೋ ಒಂದು ಬಾಲದ ಹಿಂದೆ ಬದುಗಳ ಮೇಲೆ ಓಡಿದೆ. ಬಾಲ ಗೆದ್ದಿತು. ಸ್ವೆಟರನ್ನು ಮರೆತು ಮನೆಗೆ ಬಂದೆ.

ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರಿನ ಪರಿಮಳ! ಸ್ನಾನಕ್ಕೆಂದು ಅಂಗಿ ಕಳಚಿ ಎದೆ ಮುಟ್ಟಿಕೊಂಡೆ. ಶಿವದಾರವಿಲ್ಲ. ಕರಡಿಗೆ ಇಲ್ಲ. ಲಿಂಗವಿಲ್ಲ! ಸ್ವೆಟರಿನ ಜೊತೆಗೇ ಕೊರಳಿಂದ ಬಂದುಬಿಟ್ಟಿತ್ತು.

ಲಿಂಗ ಮೈಬಿಟ್ಟರೆ ಮತ್ತೆ ಸಿಗುವವರೆಗೆ ತುತ್ತು ಮುಟ್ಟುವಂತಿಲ್ಲ, ಅದು ನಮ್ಮ ಮನೆಯ ಕಟ್ಟಳೆ. ಎಳವೆಯಲ್ಲಿ ಗುರುಗಳು ಅಂಗೈಯಲ್ಲಿಟ್ಟ ಲಿಂಗ! ಸಿಗದೇ ಹೋದರೆ? ಗಿರಿಜೆ ಸ್ಟವ್ ಆರಿಸಿದಳು. ಅವಳೂ ಉಣ್ಣುವುದಿಲ್ಲವೆಂದು ಅರ್ಥ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಡೀರಿ," ಎಂದು ವೈರ್ ಬುಟ್ಟಿ ಹಿಡಿದು ಸ್ಕೂಟರ್ ಹತ್ತಿದಳು. ಹಸಿದವನಿಗೆ ಮಂಡಕಳ್ಳಿ ಕಾಶಿಗಿಂತ ದೂರ!

ಹೊಲದಲ್ಲಿ ಯಾವನೋ ನನ್ನ ಸ್ವೆಟರ್ ತೊಟ್ಟು ನಿಂತಿದ್ದ! "ನಿಲ್ಲೋ ಕಳ್ಳ!" ಎಂದು ಗರ್ಜಿಸಿದೆ. ನಿಂತೇ ಇದ್ದ. ಓಡಿಹೋಗಿ ತೋಳು ಹಿಡಿದು ಜಗ್ಗಿದೆ. ತೋಳು ಕಿತ್ತು ಕೈಗೆ ಬಂತು. ಸೀಮೆಜಾಲಿಯ ಕೋಲು.

"ಯಾಕ್ಸಾಮಿ, ಬೊಂಬೆ ಜೊತೆ ಜಗಳ?" ಅವರೆ ಬಿಡಿಸುತ್ತಿದ್ದ ಹೊಲದೊಡತಿ ಕೆಂಚಮ್ಮ ಸೊಂಟ ನೆಟ್ಟಗೆ ಮಾಡಿದಳು.

"ಅದರೊಳಗೆ... ನನ್ನ ಲಿಂಗ..."

"ಶಿವನ್ನ ಬೊಂಬೆ ಕತ್ತಲ್ಲೇ ಬುಟ್ಬುಡ್ತೀನಾ? ಪಂಪ್‌ಸೆಟ್ ಮನೆ ಗೂಡಲ್ಲಿ ಎಲೆ ಹಾಸಿ ಮಡಗಿವ್ನಿ, ಹೂವೂ ಇಕ್ಕಿವ್ನಿ. ಈ ಸ್ವೆಟ್ರು ಮಾತ್ರ ಕೇಳ್ಬೇಡಿ ಸಾಮಿ! ಇದ್ನ ತೊಡ್ಸಿದ್ಮೇಲೆ ಒಂದ್ ಹಕ್ಕಿನೂ ಬೊಂಬೆ ಹತ್ರ ಸುಳೀಲಿಲ್ಲ!"

ಗಿರಿಜೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ನಗಲಿಲ್ಲ, ಪಂಪ್‌ಸೆಟ್ ಮನೆಗೆ ಓಡಿದೆ. ಬಾಳೆಲೆಯ ಮೇಲೆ ಒಂದು ಕಣಗಿಲೆ ಹೂವಿನೊಂದಿಗೆ ಕೂತಿದ್ದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ಕೂತುಬಿಟ್ಟೆ.

ಗಿರಿಜೆಯ ಬುಟ್ಟಿಯಿಂದ ವಿಭೂತಿ ಬಂತು, ಪತ್ರೆ ಬಂತು. ತಳದಲ್ಲಿ ಅಕ್ಕಿರೊಟ್ಟಿಯ ಡಬ್ಬಿಯೂ ಇತ್ತು. ಲಿಂಗ ಸಿಕ್ಕೇ ಸಿಗುತ್ತದೆಂದು ಅವಳಿಗೆ ಅದೆಂಥ ಭರವಸೆಯೋ! ಪಂಪ್‌ಸೆಟ್ ನೀರಲ್ಲಿ ಮಿಂದು, ಕಾಲುವೆಯ ಅಂಚಿನಲ್ಲಿ ಪದ್ಮಾಸನ ಹಾಕಿ, ಎಡಗೈಯಲ್ಲಿ ಲಿಂಗವಿಟ್ಟು ದೃಷ್ಟಿ ನೆಟ್ಟೆ. ಪಕ್ಕದಲ್ಲೇ ಏನೋ ಚಿಲಿಗುಟ್ಟಿತು. ಗಿರಿಜೆ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಕಣ್ಣು ಎತ್ತುವಂತಿಲ್ಲ! ಆಮೇಲೆ ಒಂದು ಸಣ್ಣ ರೆಕ್ಕೆಬಡಿತ. ಮತ್ತೆ ನೀರಿನ ಸದ್ದು ಮಾತ್ರ.

ಪೂಜೆ ಮುಗಿಸಿದವನೇ, "ಏನದು? ಹೇಗಿತ್ತು?" ಎಂದೆ.

"ಗಂಟ್ಲೆಲ್ಲ ನೀಲಿ ರೀ, ಮಧ್ಯೆ ಕುಂಕುಮದ ಬೊಟ್ಟಿಟ್ಟ ಹಾಗೆ. ನಿಮ್ಮ ಮೊಣಕಾಲ ಪಕ್ಕದಲ್ಲೇ ನೀರು ಕುಡೀತು."

"ಬೆಳಗಿಂದ ಹೊಲವೆಲ್ಲ ಅಲೆದೆ. ಆಗ ಬರದ್ದು ಈಗ್ಯಾಕೆ ಬಂತು?"

ಗಿರಿಜೆ ರೊಟ್ಟಿಯ ಡಬ್ಬಿಯನ್ನು ನನ್ನ ಮುಂದಿಟ್ಟು ಹೇಳಿದಳು:

"ನೀವು ಬಾಯಿ ಮುಚ್ಕೊಂಡಿದ್ರಲ್ಲ, ಅದಕ್ಕೆ."