ಮಾವಶಿಯ ಹೆಪ್ಪು, ನನ್ನ ಉಳಿದ ಗುಳಿಗೆ

ಔಷಧಿಯ ವಿಷಯದಲ್ಲಿ ನಾನು ಮಹಾ ಜಿಪುಣ. ವೈದ್ಯರು ಐದು ದಿನಕ್ಕೆ ಬರೆದುಕೊಟ್ಟ ಗುಳಿಗೆ ಎರಡನೆಯ ದಿನಕ್ಕೇ ಜ್ವರ ಇಳಿಸಿದರೆ, ಮಿಕ್ಕದ್ದನ್ನು ನುಂಗುವುದು ದಂಡ ಅನ್ನಿಸುತ್ತದೆ. ಹಾಗೆಂದು ಎಸೆಯಲೂ ಮನಸ್ಸು ಬರುವುದಿಲ್ಲ. ಮಹಾರಾಷ್ಟ್ರದ ನಮ್ಮ ಮಿರಜದಲ್ಲಿ ಓಣಿಗೊಂದು ಆಸ್ಪತ್ರೆ, ಮನೆಗೊಬ್ಬ ಕಾಂಪೌಂಡರು. ಹೀಗಾಗಿ ಉಳಿದ ನಾವೂ ಅರ್ಧ ವೈದ್ಯರಾಗಿಬಿಟ್ಟಿದ್ದೇವೆ. ಕುಪವಾಡದ ಕಾರ್ಖಾನೆಯಲ್ಲಿ ನಾನು ನೋಡಿಕೊಳ್ಳುವುದು ಲೇಥ್ ಯಂತ್ರಗಳನ್ನು. ಆದರೂ ಅಲ್ಲಿ ಯಾರಾದರೂ ಕೆಮ್ಮಿದರೆ ಕ್ಯಾಪ್ಸೂಲಿನ ಹೆಸರು ಹೇಳುವವನು ನಾನೇ.

ನನ್ನ ಮಾವಶಿ, ಅಂದರೆ ತಾಯಿಯ ತಂಗಿ, ಕಸಬೆ ಡಿಗ್ರಜ ಎಂಬ ಹಳ್ಳಿಯಿಂದ ನಮ್ಮ ಮನೆಗೆ ಇರಲು ಬರುವಾಗ ಒಂದು ಎಮ್ಮೆಯನ್ನೂ ಒಂದು ಹೆಪ್ಪಿನ ಗಡಿಗೆಯನ್ನೂ ತಂದಿದ್ದಳು. ಸುತ್ತಲಿನ ಜೋಳದ ಹೊಲಗಳು ಪ್ಲಾಟುಗಳಾಗಿ, ಪ್ಲಾಟುಗಳು ಮೂರಂತಸ್ತಿನ ಅಪಾರ್ಟ್‌ಮೆಂಟುಗಳಾದರೂ ಹಿತ್ತಲಿನ ಎಮ್ಮೆ ಜಗ್ಗಲಿಲ್ಲ. ಅಂಗಡಿಗಳಿಗೆ ಡಬ್ಬಿಯ ಮೊಸರು ಬಂದ ಮೇಲೂ ಅಪಾರ್ಟ್‌ಮೆಂಟಿನ ಹೆಂಗಸರು ಬಟ್ಟಲು ಹಿಡಿದು, "ಮಾವಶಿ, ಥೋಡಂ ವಿರಜಣ ದ್ಯಾ" ಎಂದು ಹೆಪ್ಪು ಕೇಳಲು ನಮ್ಮ ಬಾಗಿಲಿಗೇ ಬರುತ್ತಿದ್ದರು. ಇಡೀ ಓಣಿಯ ಮೊಸರು ತನ್ನ ಗಡಿಗೆಯ ಸಂತಾನವೆಂಬ ಹೆಮ್ಮೆ ಮಾವಶಿಗೆ.

ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದುತ್ತಿದ್ದ ನನ್ನ ಮಗಳು ತ್ರಿಶಲಾ ಪ್ರಾಜೆಕ್ಟಿಗೆಂದು ಆ ಮೊಸರನ್ನು ಒಯ್ದಳು. ಗಾಜಿನ ತಟ್ಟೆಯಲ್ಲಿ ಮೊಸರಿನ ಜೀವಾಣು ಬೆಳೆಸಿ, ಮೇಲೆ ಆಂಟಿಬಯೋಟಿಕ್ ಹಾಕಿದ ಕಾಗದದ ಬಿಲ್ಲೆಗಳನ್ನು ಇಟ್ಟರೆ, ಜೀವಾಣು ಸತ್ತಲ್ಲಿ ಖಾಲಿ ಉಂಗುರ ಬೀಳಬೇಕಂತೆ. ನಮ್ಮ ಮೊಸರಿನಲ್ಲಿ ಎರಡು ಬಿಲ್ಲೆಗಳ ಸುತ್ತ ಏನೂ ಬೀಳಲಿಲ್ಲ.

"ಆಜಿ, ನಿಮ್ಮ ಮೊಸರಿನ್ಯಾಗಿನ ಜೀವಾಣು ಔಷಧಕ್ಕ ಬಗ್ಗವಲ್ಲವು," ಎಂದಳು ಊಟಕ್ಕೆ ಕುಳಿತಾಗ.

"ಹೆಂಗ ಬಗ್ಗತಾವು? ಡಿಗ್ರಜದ ಹೆಪ್ಪ ಐತಿ ಅದು," ಎಂದು ಮಾವಶಿ ಹಿಗ್ಗಿದಳು.

"ಅದು ಚಲೋ ಅಲ್ಲ ಆಜಿ. ತಿಂದವರಿಗೆ ಈಗೇನೂ ಆಗೂದಿಲ್ಲ. ಖರೆ ಈ ಹಟಾನ ಅವು ರೋಗದ ಜೀವಾಣುಗೋಳಿಗೆ ಕಲಿಸಿದ್ರ, ನಾಳೆ ಔಷಧ ಲಾಗು ಆಗೂದಿಲ್ಲ. ಎಮ್ಮಿಗೆ ಏನರ ಗುಳಿಗಿ ಹಾಕಿದ್ರ್ಯಾ?"

"ಒಂದೂ ಇಲ್ಲ. ಬೆಲ್ಲ, ಅರಿಷಿಣ, ಅಷ್ಟ. ಆಣಿ ಮಾಡಿ ಹೇಳ್ತೇನಿ."

ನಾನು ತಲೆ ಎತ್ತದೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಎಮ್ಮೆ ಮಂಕಾದಾಗ, ಕೆಚ್ಚಲು ಬಾತಾಗ, ನನ್ನ ಉಳಿದ ಕ್ಯಾಪ್ಸೂಲುಗಳನ್ನು ಅದೇ ಬೆಲ್ಲದಲ್ಲಿ ಅಡಗಿಸಿ ತಿನ್ನಿಸುತ್ತಿದ್ದವನು ನಾನು. ಆಮೇಲೆ ಎರಡು ದಿನ ಮೊಸರು ನೀರುನೀರಾದಾಗ 'ಚಳಿ ಇರಬೇಕು' ಎಂದವನೂ ನಾನೇ.

ಮರುದಿನ ಬೆಳಿಗ್ಗೆ ಮಾವಶಿ, ಬಟ್ಟಲು ತಂದವಳನ್ನು ಬರಿಗೈಲಿ ಕಳಿಸಿ, ಗಡಿಗೆ ಹಿಡಿದು ತಿಪ್ಪೆಯ ಕಡೆ ನಡೆದಳು. ನೋಡಲಾಗದೆ ಹಿಂದೆ ಓಡಿ ಎಲ್ಲವನ್ನೂ ಒಪ್ಪಿಕೊಂಡೆ.

"ಔಷಧ ಹಾಲಿನ್ಯಾಗ ಇಳೀತೈತಿ ಪಪ್ಪಾ, ಕಾಸಿದ್ರೂ ಪೂರಾ ಹೋಗೂದಿಲ್ಲ," ಎಂದಳು ಹಿಂದೆಯೇ ಬಂದಿದ್ದ ತ್ರಿಶಲಾ. "ಪಾಪದವು ಸತ್ತು ಮೊಂಡವಷ್ಟ ಹೆಪ್ಪಿನ್ಯಾಗ ಉಳದಿರಬೇಕು. ಖಾತ್ರಿ ಹೇಳಾಕ ಬರೂದಿಲ್ಲ, ಆದ್ರ ಸಂಶಯ ನಿಮ್ಮ ಮ್ಯಾಲೆ."

ಮಾವಶಿ ಗಡಿಗೆ ಬರಿದು ಮಾಡಿ ಕುದಿನೀರಿನಲ್ಲಿ ತೊಳೆದಳು. ಪಕ್ಕದ ಮನೆಯಿಂದ ಹೆಪ್ಪು ತರೋಣವೆಂದರೆ ಅದೂ ಇದರದೇ ಮರಿ. ಕೊನೆಗೆ ಬೆಚ್ಚನೆಯ ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮೊದಲಿನಿಂದ ಶುರು ಮಾಡಿದಳು. ಎಮ್ಮೆಯ ಹತ್ತಿರ ಸುಳಿಯದಂತೆ ನನಗೆ ನಿಷೇಧವಾಯಿತು.

ಹಂಚಿದ ಹೆಪ್ಪಿನ ಗತಿ? ಮಾವಶಿ ಮನೆಮನೆಗೆ ಹೊರಟಳು. ನಾನು ತಲೆ ತಗ್ಗಿಸಿ ಹಿಂದೆ ನಡೆದೆ. ಮೊದಲ ಬಾಗಿಲಿನಲ್ಲೇ ನನ್ನ ಹೆಸರು ಬರುತ್ತದೆಂದು ಕಾದೆ. ಆದರೆ ಮರಾಠಿ ಮನೆಗಳಲ್ಲಿ ಮರಾಠಿಯಲ್ಲಿ, ಕನ್ನಡದ ಮನೆಗಳಲ್ಲಿ ಕನ್ನಡದಲ್ಲಿ, ಆಕೆ ಹೇಳಿದ್ದು ಒಂದೇ ಮಾತು: "ನನ್ನ ಹೆಪ್ಪ ಕೆಟ್ಟೈತಿ ಅಂತ ಕಾಲೇಜಿನ ತಪಾಸದಾಗ ಬಂದೈತ್ರಿ, ಚೆಲ್ಲಿಬಿಡ್ರಿ. ವಯಸ್ಸಾತು, ಕೈ ಮೊದಲಿನಂಗ ಉಳಿದಿಲ್ಲ." ಇಷ್ಟು ವರ್ಷ ಗಳಿಸಿದ ಹೆಸರನ್ನು ಆಕೆ ನನಗಾಗಿ ಮೆಟ್ಟಿಲು ಮೆಟ್ಟಿಲಿಗೂ ಬಿಟ್ಟುಕೊಡುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು.

ಮೂರನೆಯ ಮಹಡಿಯಲ್ಲಿ ಅಥಣಿ ಕಡೆಯ ಒಬ್ಬ ಗೃಹಿಣಿ ಎಲ್ಲವನ್ನೂ ಕೇಳಿ ನನ್ನತ್ತ ತಿರುಗಿದರು. "ಮೊಸರು ಸುದ್ದಾ ತಪಾಸ ಮಾಡಸ್ತೀರಿ ಅಂದ್ರ ಎಷ್ಟ ಕಾಳಜಿ ಅಣ್ಣಾ ನಿಮಗ. ಮನಿಗೆ ನಿಮ್ಮಂಥಾವರು ಒಬ್ಬರು ಬೇಕ ನೋಡ್ರಿ."

ನಿಜ ಹೇಳಲು ಬಾಯಿ ತೆರೆದೆ. ಮಾವಶಿ ನನ್ನ ತೋಳನ್ನು ಮೆಲ್ಲಗೆ ಹಿಂಡಿದಳು.

"ಏನ್ ಮಾಡೂದ್ರಿ," ಎಂದೆ ಕೈಮುಗಿದು, "ಯಾರರ ಒಬ್ಬರು ಲಕ್ಷ್ಯ ಇಡಬೇಕಲ್ಲ."